ಕ್ಷೌರಿಕ ಟುಕಿಯಸ್ ಹುಟ್ಟದೇ ಹೋದ ವರ್ಷ

ನಮ್ಮ ಕಾಪುವಾ ಪಟ್ಟಣದಲ್ಲಿ ಟುಕಿಯಸ್ ಎಂಬ ಕ್ಷೌರಿಕನಿದ್ದ. ಎಂಥವನ ಕೊರಳ ಮೇಲಾದರೂ ಅಳುಕದೆ ಕತ್ತಿ ಆಡಿಸುವವನು ಮದುವೆ ಎಂದರೆ ಮಾತ್ರ ಗಡಗಡ ನಡುಗುತ್ತಿದ್ದ. ಎದುರುಗಡೆ ಬಿಸಿ ಕಡಲೆ ಮಾರುವ ಒಪಿಮಿಯಾಳಿಗೆ ಮಾತು ಕೊಟ್ಟು ವರ್ಷಗಳೇ ಉರುಳಿದ್ದವು. ಅವಳು ಕೇಳಿದಾಗಲೆಲ್ಲ, "ಸೆಕ್ಸ್ಟಿಲಿಸ್ ತಿಂಗಳು ಬರ್ಲಿ, ಮಾಡ್ಕೊಳ್ಳೋಣ" ಅನ್ನುತ್ತಿದ್ದ. ಆ ತಿಂಗಳು ಬಂದರೆ ಒಂದು ವರ್ಷ ಹಲ್ಲುನೋವು, ಇನ್ನೊಂದು ವರ್ಷ ಸೆಕೆ, ಮತ್ತೊಂದು ವರ್ಷ ಅಂಗಡಿ ಮಾಡಿನ ಮೇಲೆ ಗೂಬೆ ಕೂತಿತ್ತಂತೆ.

ಆ ವರ್ಷ ಡಂಗುರದವನು ಬೀದಿಬೀದಿ ಕೂಗಿದ: ಚಕ್ರವರ್ತಿ ಅಗಸ್ಟಸರ ಗೌರವಕ್ಕಾಗಿ ಸೆನೆಟ್ ಸಭೆಯ ಅಪ್ಪಣೆಯಾಗಿದೆ, ಇನ್ನು ಸೆಕ್ಸ್ಟಿಲಿಸ್ ತಿಂಗಳ ಹೆಸರು ಆಗಸ್ಟ್! ಟುಕಿಯಸ್ ಆಗ ನನ್ನ ಗಡ್ಡ ಹೆರೆಯುತ್ತಿದ್ದ. ಒಂದು ಕೆನ್ನೆ ಮುಗಿದಿತ್ತು. ಇನ್ನೊಂದನ್ನು ಹಾಗೇ ಬಿಟ್ಟು ಬೀದಿಗೆ ಹಾರಿದ.

"ಒಪಿಮಿಯಾ! ಸೆಕ್ಸ್ಟಿಲಿಸ್ ಹೋಯ್ತಲ್ಲೇ! ಇನ್ಯಾವತ್ತೂ ಬರಲ್ವಂತೆ! ನಾನೇನ್ ಮಾಡ್ಲಿ ಹೇಳು?"

ಒಪಿಮಿಯಾ ಸೌಟು ಆಡಿಸುತ್ತಲೇ ಕೇಳಿದಳು: "ನೀನು ಹುಟ್ಟಿದ್ದು ಯಾವ ತಿಂಗಳೋ?"

"ಸೆಕ್ಸ್ಟಿ..." ಎಂದವನು ನಾಲಗೆ ಕಚ್ಚಿಕೊಂಡ.

"ಹಂಗಾದ್ರೆ ನೀನು ಹುಟ್ಟೇ ಇಲ್ಲ ಬಿಡು. ಹುಟ್ಟದೇ ಇರೋನ್ ಜೊತೆ ನಂಗೇನ್ ಮಾತು?"

ಬೀದಿಯ ಜನಕ್ಕೆ ಇಷ್ಟು ಸಾಕಾಯಿತು. ಮರುದಿನದಿಂದ ಅವನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. "ಹುಟ್ಟದೇ ಇರೋನ್ ಕೈಗೆ ಕುತ್ತಿಗೆ ಕೊಡಕ್ಕೆ ನಂಗೇನ್ ಹುಚ್ಚಾ?" ಎಂದ ರೊಟ್ಟಿ ಸುಡುವವನು. ಹೆಂಡದಂಗಡಿಯ ಮುದುಕಿ ಅವನ ಬಟ್ಟಲನ್ನು ಪಕ್ಕದವನಿಗೆ ಕೊಟ್ಟು, "ಇಲ್ಲ್ಯಾರೋ ಮಾತಾಡ್ದಂಗಾಯ್ತಲ್ಲ?" ಎಂದು ಸುತ್ತ ನೋಡಿದಳು. ನಾನಂತೂ ಹಟಕ್ಕೆ ಬಿದ್ದು ಅರ್ಧ ಗಡ್ಡದಲ್ಲೇ ತಿರುಗಿದೆ.

ಪಾಪ, ಅಳು ಬರುವಂತಾಗಿ ಅವನು ತಾಯಿಯ ಬಳಿಗೆ ಓಡಿದ. "ಅಮ್ಮಾ, ನನ್ನ ಹೆತ್ತಿದ್ದು ನಿಜ ಅಂತ ಇವ್ರಿಗೆ ಹೇಳಮ್ಮ!"

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಸೊಸೇನ ಕರ್ಕೊಂಡ್ ಬಾ, ನೆನಪಾಗ್ಬೋದು" ಎಂದಳು.

ಬೆವರು ಸುರಿಸುತ್ತ ಕಡಲೆ ಒಲೆಯ ಮುಂದೆ ಬಂದು ನಿಂತ. "ಆಗಸ್ಟೂ ಸೆಕ್ಸ್ಟಿಲಿಸೂ ಒಂದೇ ಕಣೇ. ಒಪ್ಕೊಂಡೆ."

"ಜೋರಾಗಿ ಹೇಳು. ಆಚೆ ಬೀದಿಗೆ ಕೇಳ್ಲಿಲ್ಲ."

ಮದುವೆ ಆ ಆಗಸ್ಟಿನಲ್ಲೇ ಆಯಿತು. ನಾವೆಲ್ಲ ಪದ್ಧತಿಯಂತೆ ಮದುಮಕ್ಕಳ ಮೇಲೆ ಅಕ್ರೋಟು ಎರಚಿದೆವು. ಮದುಮಗಳನ್ನು ಎತ್ತಿ ಹೊಸಿಲು ದಾಟಿಸಬೇಕಲ್ಲ, ಒಪಿಮಿಯಾ ದಷ್ಟಪುಷ್ಟ ಹೆಂಗಸು. ನಾಲ್ವರು ಏದುಸಿರು ಬಿಡುತ್ತ ದಾಟಿಸಿದೆವು. ಟುಕಿಯಸ್ ಆಚೆಯೇ ನಿಂತಿದ್ದ. ಅವಳೇ ತಿರುಗಿ ಬಂದು ರಟ್ಟೆ ಹಿಡಿದು ಒಳಗೆಳೆದುಕೊಂಡಳು.

ಆಮೇಲೆ ಅವನಿಗೆ ಸಂಸಾರ ಎಷ್ಟು ಹಿಡಿಸಿತೆಂದರೆ, ಕುರ್ಚಿಯನ್ನೇ ಅವಳ ಒಲೆಯ ಪಕ್ಕಕ್ಕೆ ತಂದಿಟ್ಟುಕೊಂಡ. ಕಡಲೆಯಲ್ಲಿ ಕೂದಲು ಸಿಗತೊಡಗಿತು. ಬೈದುಕೊಂಡೇ ತಿಂದೆವು.