ಹೆಂಡ್ರಿಕಾಳನ್ನು ನೋಡಲು ಬಂದವರು

ಜಯಕರ ಕೊಟ್ಟ ಮಾತಿಗೆ ತಪ್ಪುವವನಲ್ಲ. ಅರವತ್ತೆಂಟು ವರ್ಷದಲ್ಲಿ ಅವನ ಬಗ್ಗೆ ಯಾರಾದರೂ ಒಳ್ಳೆಯ ಮಾತು ಆಡಿದ್ದರೆ ಅದೊಂದೇ. ಮಿಕ್ಕಂತೆ ಮನುಷ್ಯ ಮುಂಗೋಪಿ, ಜಗಳಗಂಟ, ಎದುರು ಸಿಕ್ಕವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವವನು. ಆ ಒಂದು ಒಳ್ಳೆಯ ಗುಣವೇ ಕೊನೆಗೆ ಅವನ ಕುತ್ತಿಗೆಗೆ ಬಂತು.

ಫೆಬ್ರವರಿಯ ಒಂದು ಭಾನುವಾರ ಮಗಳು ಶರ್ಮಿಳಾ ಪುಚೊಂಗ್‌ನ ತನ್ನ ಮನೆಯಿಂದ ಬಂದಳು. ಕಾರಿನಿಂದ ಇಳಿದವಳೇ ಹಾಯಿದೋಣಿಗಳನ್ನು ಕಟ್ಟುವ ಮರೀನಾದ ಜೆಟ್ಟಿಯ ಮೇಲೆ ದಡದಡ ನಡೆದು, ಅಪ್ಪ ವಾಸವಾಗಿದ್ದ ದೋಣಿ ಹತ್ತಿ, ಅವನ ಬಲಗೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ಆಣೆ ಮಾಡಿ ಪಪ್ಪಾ. ದೋಣಿ ತಗೊಳ್ತೇನೆ ಅಂತ ಯಾರು ಬಂದ್ರೂ ನೀವು ಇಲ್ಲ ಅನ್ಲಿಕ್ಕಿಲ್ಲ.”

“ಕೈ ಬಿಡು. ಎಂತ ನಾಟಕ ಇದು?”

“ನಾಟಕ ನಿಮ್ಮದು. ಎಡಗಣ್ಣು ಪೂರ್ತಿ ಹೋಗಿದೆ. ಪಕ್ಕದವರ ದೋಣಿಗೆ ಗುದ್ದಿದ್ದೀರಿ. ಜೂನ್ ಆದ ಮೇಲೆ ನಿಮಗೆ ಇಲ್ಲಿ ಜಾಗ ಇಲ್ಲ ಅಂತ ಮರೀನಾ ಆಫೀಸಿನವರು ಕಾಗದ ಕೊಟ್ಟಿದ್ದಾರೆ. ಇನ್ನೆಂತ ಆಗ್ಬೇಕು ನಿಮಗೆ? ಆಣೆ ಮಾಡಿ, ಇಲ್ಲದಿದ್ರೆ ನಾನು ಇಲ್ಲಿಂದ ಏಳುವುದಿಲ್ಲ.”

ಹಲ್ಲು ಕಚ್ಚಿಕೊಂಡು ಆಣೆ ಮಾಡಿದ. ಅವಳು ಹೋದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸಂಗತಿ ಹೊಳೆಯಿತು: ತಾನು ಬೇಡ ಅನ್ನುವ ಹಾಗಿಲ್ಲ, ಸರಿ. ಬಂದವರೇ ಬೇಡ ಅಂದರೆ? ಅದಕ್ಕೆ ಆಣೆ ಇಲ್ಲವಲ್ಲ! ಆ ದಿನ ಜಯಕರ ಮೂರು ದೋಸೆ ತಿಂದ.

ಈ ದೋಣಿಯ ಹುಚ್ಚು ಅವನಿಗೆ ಇಂದಿನದಲ್ಲ. ಗಂಗೊಳ್ಳಿಯಲ್ಲಿ ಹುಟ್ಟಿ, ಬಂದರಿನ ಎದುರೇ ಬೆಳೆದರೂ, ಶಾಲೆ ಮಾಸ್ತರರ ಮಗನನ್ನು ಯಾರೂ ದೋಣಿಗೆ ಹತ್ತಿಸುತ್ತಿರಲಿಲ್ಲ. ಓದು, ಓದು ಅಂತ ಅಟ್ಟುತ್ತಿದ್ದರು. ಓದಿದ. ದಂತ ವೈದ್ಯನಾದ, ಮಲೇಷ್ಯಾಕ್ಕೆ ಬಂದು ಕಾಲೇಜಿನಲ್ಲಿ ಪಾಠ ಮಾಡಿದ. ಐವತ್ನಾಲ್ಕನೆಯ ವಯಸ್ಸಿನಲ್ಲಿ, ಕ್ಲಾಂಗ್ ಆಚೆಯ ಅಳಿವೆಯೊಂದರ ಈ ಸಣ್ಣ ಮರೀನಾದಲ್ಲಿ, ಊರಿಗೆ ಹೊರಟಿದ್ದ ಡಚ್ ದಂಪತಿಯಿಂದ ಹೆಂಡ್ರಿಕಾಳನ್ನು ಕೊಂಡ. ನಲವತ್ತೆರಡು ಅಡಿ ಉದ್ದ, ಎರಡು ಕಂಬ, ಎಂಬತ್ತರ ದಶಕದಲ್ಲಿ ಕಟ್ಟಿದ ದಪ್ಪ ಹೊಟ್ಟೆಯ ಹಾಯಿದೋಣಿ. ಹೆಂಡತಿ ಗುಲಾಬಿಗೆ ಹೇಳಿದ್ದು ಕೊಂಡ ಮೇಲೆ.

ಗುಲಾಬಿ ಎರಡು ವರ್ಷ ಸಹಿಸಿದಳು. ಆಮೇಲೆ ಒಂದು ದಿನ, “ನೀರಿನ ಮೇಲೆ ಸಂಸಾರ ಮಾಡ್ಲಿಕ್ಕೆ ನಾನೇನು ಬಾತುಕೋಳಿಯಾ?” ಎಂದು ಕೇಳಿ, ಸೂಟ್‌ಕೇಸು ಹಿಡಿದು ಮಗಳ ಮನೆಗೆ ಹೋದಳು. ಈಗಲೂ ಅಲ್ಲೇ ಇದ್ದಾಳೆ. ಫೋನು ಮಾಡಿದರೆ ಮೊದಲು ಕೇಳುವುದು, “ನಿಮ್ಮ ಸಣ್ಣ ಹೆಂಡತಿ ಹೇಗಿದ್ದಾಳೆ?” ಎಂದೇ. ಹೆಂಡ್ರಿಕಾ ಎಂಬ ಆ ಹೆಸರನ್ನಾದರೂ ಬದಲಿಸಿ ಎಂದು ಅವಳು ಗೋಗರೆದಿದ್ದಳು. ಜಯಕರ ಒಪ್ಪಲಿಲ್ಲ. ದೋಣಿಯ ಹೆಸರು ಬದಲಿಸಿದರೆ ಕೇಡು ಎಂದು ಕಡಲಿನವರು ಹೇಳುತ್ತಾರಂತೆ. ಪಂಚಾಂಗ, ಜಾತಕ, ವಾಸ್ತು ಎಲ್ಲವನ್ನೂ ಬಾಯಿಗೆ ಬಂದಂತೆ ಬೈಯುವ ಗಂಡಸು ಇದೊಂದನ್ನು ಮಾತ್ರ ಗಟ್ಟಿಯಾಗಿ ನಂಬಿದ್ದ.

ಹದಿನಾಲ್ಕು ವರ್ಷ ಆ ದೋಣಿಗೆ ಅವನು ಮಾಡದ ಸೇವೆಯಿಲ್ಲ. ಬಿಸಿಲಿನಿಂದ ಕರೆಂಟು, ಗಾಳಿಯಿಂದ ಕರೆಂಟು, ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ, ತಾನೇ ದಿಕ್ಕು ಹಿಡಿದು ಹೋಗುವ ಚುಕ್ಕಾಣಿ, ಹೊಸ ಹಾಯಿ, ತೇಗದ ಕಪಾಟು. ಲಂಕಾವಿ ದ್ವೀಪಕ್ಕೆ ನಾಲ್ಕು ಸಲ ಒಬ್ಬನೇ ಹೋಗಿಬಂದ. ಶರ್ಮಿಳಾ ಜಾಹೀರಾತಿನಲ್ಲಿ ಇದನ್ನೆಲ್ಲ ಚೆನ್ನಾಗಿ ಬರೆದಿದ್ದಳು. ಓದಿದವರಿಗೆಲ್ಲ ಆಸೆಯಾಗುವಷ್ಟು ಚೆನ್ನಾಗಿ.

ಮೊದಲು ಬಂದದ್ದು ಆಸ್ಟ್ರೇಲಿಯಾದ ಗಂಡಹೆಂಡಿರು. ಹಿಂದಿನ ದಿನವೇ ಜಯಕರ ಎರಡು ಕಿಲೋ ಒಣಮೀನು ತಂದು ಮಲಗುವ ಕೋಣೆಯ ಕಪಾಟಿನಲ್ಲಿ ತುಂಬಿದ್ದ. ಅವರು ಹತ್ತು ನಿಮಿಷ ನಿಲ್ಲಲಿಲ್ಲ. ಆಮೇಲೆ ಬಾಂಗ್ಸಾರ್‌ನ ಒಬ್ಬ ವಕೀಲ. ಅವನನ್ನು ನಡುಹಗಲು ಹೊರಗೆ ಕರೆದೊಯ್ದು, ಹಾಯಿ ಇಳಿಸಿ, ಅಲೆಗೆ ಅಡ್ಡ ನಿಲ್ಲಿಸಿದ. ವಕೀಲ ವಾಂತಿ ಮಾಡಿಕೊಂಡು, ಬೇಡಪ್ಪಾ ಬೇಡ ಎಂದು ಕೈಮುಗಿದು ಹೋದ. ಎರಡು ಸಲವೂ ಜಯಕರ ಮಗಳಿಗೆ ಫೋನು ಮಾಡಿ, “ನಾನು ಇಲ್ಲ ಅನ್ಲಿಲ್ಲ ಮಾರಾಯ್ತಿ, ಅವರೇ ಬೇಡ ಅಂದ್ರು,” ಎಂದ. ಅವಳು ಫಟ್ಟನೆ ಫೋನಿಟ್ಟಳು.

ಮೂರನೆಯವರು ಮೇ ತಿಂಗಳ ಒಂದು ಶನಿವಾರ ಬಂದರು. ಸೈಬರ್‌ಜಯಾದ ಸಾಫ್ಟ್‌ವೇರ್ ಕಂಪನಿಯ ಲೋಕೇಶ, ಅವನ ಹೆಂಡತಿ ಚಂಪಾ, ಇಬ್ಬರೂ ಮೈಸೂರಿನವರು. ಬಂದವರು ಕನ್ನಡದವರೆಂದು ಗೊತ್ತಾಗಿ ಜಯಕರನಿಗೆ ಸಿಟ್ಟು ಇಮ್ಮಡಿಯಾಯಿತು. ಪರದೇಶದವರಾದರೆ ಕೊಂಡು ದೂರ ಒಯ್ಯುತ್ತಾರೆ. ಇವರು ಇಲ್ಲೇ ಇಟ್ಟುಕೊಂಡು ದೀಪಾವಳಿಗೆ ಸೀರಿಯಲ್ ಸೆಟ್ ಹಚ್ಚಿ ಫೋಟೋ ಹಾಕುವ ಜಾತಿ.

ಲೋಕೇಶ ಬೂಟುಗಾಲಿನಲ್ಲೇ ಡೆಕ್ಕಿನ ಮೇಲೆ ಕಾಲಿಟ್ಟ.

“ಬೂಟು!” ಜಯಕರ ಕಿರುಚಿದ ರಭಸಕ್ಕೆ ಕಂಬದ ಮೇಲಿನ ಕಾಗೆ ಹಾರಿಹೋಯಿತು. “ನಿಮ್ಮ ಮನೆಯ ದೇವರ ಕೋಣೆಗೂ ಹೀಗೆಯೇ ನುಗ್ಗುದಾ ನೀವು?”

“ಸಾರಿ ಸಾರ್, ಸಾರಿ ಸಾರ್.” ಲೋಕೇಶ ಒಂದು ಕಾಲಿನಲ್ಲಿ ಕುಪ್ಪಳಿಸುತ್ತ ಬೂಟು ಬಿಚ್ಚಿ ಜೆಟ್ಟಿಯ ಮೇಲಿಟ್ಟ. ಚಂಪಾ ಆಗಲೇ ಚಪ್ಪಲಿಯನ್ನು ಜೆಟ್ಟಿಯ ಮೇಲೆ ಬಿಟ್ಟು ಬಂದಿದ್ದಳು. ಅವಳ ಕೈಯಲ್ಲೊಂದು ಬಟ್ಟೆಯ ಚೀಲ. ಮೇಲೆ ವೀಳ್ಯದೆಲೆಯ ತುದಿ ಕಾಣುತ್ತಿತ್ತು. ಒಪ್ಪಿಗೆಯಾದರೆ ತಾಂಬೂಲ ಕೊಟ್ಟೇ ಹೋಗುವ ತಯಾರಿ! ಎಷ್ಟು ಸೊಕ್ಕು ಎಂದುಕೊಂಡ ಜಯಕರ. ಅವಳು ಬಂದು ಅವನ ಎಡಗಡೆ, ಕಾಣದ ಕಣ್ಣಿನ ಕಡೆ, ಕುಳಿತಳು. ಅವನು ಅವಳನ್ನು ಅಲ್ಲಿಗೆ ಮರೆತುಬಿಟ್ಟ.

ಒಳಗೆಲ್ಲ ನೋಡಿ ಮುಗಿಯುವಾಗ ಹನ್ನೊಂದೂವರೆ. ಉಬ್ಬರ ಹತ್ತು ಗಂಟೆಗೇ ಮುಗಿದು ನೀರು ಇಳಿಯಲು ಶುರುವಾಗಿತ್ತು. ದೋಣಿಯನ್ನು ಕಡಲಿಗೆ ಒಯ್ದು ತೋರಿಸುವುದಾದರೆ ಆಗಲೇ ಹೊರಡಬೇಕು.

ಲೋಕೇಶ ಫೋನು ನೋಡಿ ತಡವರಿಸಿದ. “ಸಾರ್, ಒಂದು ರಿಕ್ವೆಸ್ಟ್. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಅಲ್ವಾ? ಇಂಡಿಯಾ ಟೈಮಿಗೆ ಎರಡೂವರೆ ಗಂಟೆ ಸೇರಿಸಿದ್ರೆ ಇಲ್ಲಿ ಹನ್ನೊಂದೂವರೆಯಿಂದ ಒಂದು ಗಂಟೆ. ಈಗ ತಾನೇ ಶುರುವಾಯ್ತು. ಒಂದು ಗಂಟೆ ಆದ್ಮೇಲೆ ಹೊರಡೋಣ್ವಾ?”

ಜಯಕರನಿಗೆ ನಗು ತಡೆಯುವುದು ಕಷ್ಟವಾಯಿತು. ರಾಹುಕಾಲ ಎಂದರೆ ಇವನು ಆಫೀಸಿನ ಮೀಟಿಂಗ್ ಎಂದುಕೊಂಡಿದ್ದಾನೆ! ಅದು ನಿಂತ ಊರಿನ ಸೂರ್ಯೋದಯದಿಂದ ಎಣಿಸುವ ಲೆಕ್ಕ. ಮೈಸೂರಿನ ಗಡಿಯಾರಕ್ಕೆ ಕೂಡಿಸುವುದಲ್ಲ. ಇಲ್ಲಿಯ ಸೂರ್ಯನ ಪ್ರಕಾರ ಇನ್ನು ಹತ್ತು ನಿಮಿಷಕ್ಕೆ ರಾಹುಕಾಲ ಮುಗಿದೇ ಹೋಗುತ್ತದೆ. ಬೇರೆ ದಿನವಾಗಿದ್ದರೆ ಅವನು ಅರ್ಧ ಗಂಟೆ ಬೈದು ಪಾಠ ಹೇಳುತ್ತಿದ್ದ. ಒಂದು ಗಂಟೆಗೆ ಹೊರಟರೆ ಅಳಿವೆಯ ಬಾಯಲ್ಲಿ ನೀರೇ ಇರುವುದಿಲ್ಲ ಎಂದೂ ಹೇಳುತ್ತಿದ್ದ.

“ಆಯ್ತು,” ಎಂದ. “ನಿಮ್ಮ ಇಷ್ಟ.”

ಒಂದು ಗಂಟೆ ಐದು ನಿಮಿಷಕ್ಕೆ ಹಗ್ಗ ಬಿಚ್ಚಿದರು. ನೀರು ಇಳಿದು, ಇಕ್ಕೆಲದ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಬೇರು ಮೊಣಕಾಲಿನವರೆಗೆ ತೆರೆದುಕೊಂಡಿತ್ತು. ಜಯಕರ ಚುಕ್ಕಾಣಿಯನ್ನು ಲೋಕೇಶನ ಕೈಗೆ ಕೊಟ್ಟ. ನೀರಿನ ಆಳ ತೋರಿಸುವ ಮೀಟರು ಕಣ್ಣೆದುರೇ ಇತ್ತು. ಹೆಗಲ ಮೇಲಿನ ಬೈರಾಸನ್ನು ತೆಗೆದು, ಮುಖ ಒರೆಸಿ, ಅದನ್ನು ಒಣಗಲು ಹಾಕುವವನ ಹಾಗೆ ಮೀಟರಿನ ಮೇಲೆ ಹರಡಿದ.

“ನೀರಲ್ಲಿ ತೇಲ್ತಿರೋ ಆ ಕೆಂಪು ಬುರುಡೆಯ ಯಾವ ಕಡೆ ಹೋಗ್ಬೇಕು ಸಾರ್? ನೇರ ಹೋಗ್ಲಾ?”

ಎಡಕ್ಕೆ ಹೋಗಬೇಕು, ನೇರ ಹೋದರೆ ಕೆಸರು. ಮರೀನಾದ ನಾಯಿಗೂ ಗೊತ್ತು. “ಹೋಗಿ,” ಎಂದ ಜಯಕರ.

ಹೆಂಡ್ರಿಕಾ ಮೆತ್ತಗೆ ನಿಂತಳು. ಸದ್ದೇನೂ ಇಲ್ಲ. ಎಂಜಿನು ಕೂಗುತ್ತಿದೆ, ಹಿಂದೆ ಕೆಸರು ಏಳುತ್ತಿದೆ, ದೋಣಿ ಮಾತ್ರ ಅಲ್ಲಾಡುತ್ತಿಲ್ಲ. ಲೋಕೇಶ ಬೆವತು ಹೋದ. ಮರೀನಾ ಆಫೀಸಿಗೆ ಫೋನು ಹಚ್ಚಿದರೆ ಅವರು ನಕ್ಕು, ವೇಯ್ಟ್ ಲಾ, ಸಂಜೆ ಏಳಕ್ಕೆ ನೀರು ಬರುತ್ತೆ, ಎಂದರು.

ಜಯಕರನೂ ಒಮ್ಮೆ ಬಗ್ಗಿ ಕೆಸರನ್ನು ನೋಡಿದ. ಎಷ್ಟೆಂದರೂ ಅವನ ಮನೆ. ಕೆಸರಿನಡಿ ಹಳೆಯ ಗೂಟವೊಂದು ಇದ್ದರೆ ತಳ ಸೀಳಿಹೋದೀತು. ಆದರೂ ಬಾಯಿ ಜೋರಾಗಿತ್ತು. “ನೋಡಿ, ಹಳೆ ದೋಣಿ. ಹೀಗೆ ಬಿದ್ದುಕೊಂಡ್ರೆ ಬಿರುಕು ಬಿಡ್ತದೆ. ಒಳಗೆ ನೀರು ನುಗ್ಗಿದ್ರೆ ನಾನು ಜವಾಬ್ದಾರಿ ಅಲ್ಲ. ನಿಮಗೆ ಬೇಡ ಅಂತ ಕಂಡ್ರೆ ಈಗ್ಲೇ ಹೇಳಿಬಿಡಿ.”

“ಏನ್ ಸಾರ್ ನೀವು! ಹದಿನಾಲ್ಕು ವರ್ಷದಿಂದ ಇಲ್ಲಿದೀರಿ, ಒಂದು ಮಾತು ಹೇಳ್ಬಾರ್ದಾ?”

“ರಾಹುಕಾಲ ನೋಡಿದವರು ನೀವು. ನೀರು ಎಷ್ಟುಂಟು ಅಂತ ರಾಹುವಿನ ಹತ್ರವೇ ಕೇಳ್ಬೇಕಿತ್ತು.”

ಲೋಕೇಶನ ಮುಖ ಕೆಂಪೇರಿತು. ಅವನು ಎಂಜಿನು ಆರಿಸಿದ.

ನೀರು ಇಳಿದಂತೆ ದೋಣಿ ಮಗ್ಗುಲಿಗೆ ವಾಲಿತು. ಮೂರು ಗಂಟೆಗೆ ನಿಲ್ಲಲಾಗದಷ್ಟು ವಾಲಿತು. ಲೋಕೇಶ ಗೋಡೆಯನ್ನೇ ನೆಲ ಮಾಡಿಕೊಂಡು ಒಳಗಿಳಿದ. ಟಾರ್ಚು ಹಿಡಿದು ಒಂದೊಂದೇ ಹಲಗೆ ಎತ್ತಿ ತಳ ನೋಡತೊಡಗಿದ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಕೆಲಸ. ಹುಡುಕಲಿ, ಹುಡುಕಿ ಹೆದರಲಿ ಎಂದು ಜಯಕರ ಮೇಲೆಯೇ ಕುಳಿತ.

ನಾಲ್ಕು ಗಂಟೆಗೆ ಚಹಾದ ವಾಸನೆ ಬಂತು. ಇಷ್ಟು ಸೊಟ್ಟಗೆ ಬಿದ್ದ ದೋಣಿಯಲ್ಲಿ ಚಹಾ! ಒಳಗೆ ಇಣುಕಿದರೆ ಚಂಪಾ ಒಲೆಯ ಮುಂದೆ ಕಾಲು ಒತ್ತಿ ಕುಳಿತಿದ್ದಾಳೆ. ಆ ಒಲೆ ತೂಗು ಒಲೆ. ದೋಣಿ ಎತ್ತ ವಾಲಿದರೂ ಅದು ನೆಟ್ಟಗೇ ಇರುತ್ತದೆ. ಅದರ ಕೊಂಡಿ ಬಿಚ್ಚುವುದು ಗುಲಾಬಿಗೆ ಎರಡು ವರ್ಷದಲ್ಲೂ ಬಂದಿರಲಿಲ್ಲ. ಜಯಕರನಿಗೆ ಮೈಯೆಲ್ಲ ಉರಿಯಿತು.

ಚಂಪಾ ಲೋಟ ತಂದು ಅವನ ಕೈಗೆ ಕೊಟ್ಟು, ಮತ್ತೆ ಅವನ ಎಡಗಡೆಯೇ ಕುಳಿತಳು. ಕೈ ಚಾಚಿ ಬೈರಾಸನ್ನು ಎತ್ತಿದಳು. ಮೀಟರಿನಲ್ಲಿ ಸೊನ್ನೆ ಮಿನುಗುತ್ತಿತ್ತು. ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಅವನ ತೊಡೆಯ ಮೇಲಿಟ್ಟಳು.

“ಮೂರು ವರ್ಷದಿಂದ ನಾನು ಭಾನುವಾರ ಪೋರ್ಟ್ ಡಿಕ್ಸನ್‌ನಲ್ಲಿ ದೋಣಿ ಕಲೀತಿದೀನಿ ಅಂಕಲ್. ದೋಣಿ ಬೇಕಾಗಿರೋದು ನನಗೆ, ಅವರಿಗಲ್ಲ. ನೀವು ಬೆಳಿಗ್ಗೆಯಿಂದ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ.”

“ಬಿಸಿಲು ಜೋರಿತ್ತು. ಬೈರಾಸು ಒಣಗ್ಲಿಕ್ಕೆ ಹಾಕಿದ್ದು.”

“ಹೌದಾ? ನಾನೂ ಹಾಗೇ ಅನ್ಕೊಂಡೆ, ಮೊದ್ಲು.” ಅವಳ ದನಿ ಏರಲಿಲ್ಲ. “ಶರ್ಮಿಳಾ ನಿನ್ನೆ ಫೋನ್ ಮಾಡಿದ್ರು. ಅಪ್ಪ ಏನಾದ್ರೂ ಮಾಡ್ತಾರೆ, ಹುಷಾರು ಅಂದ್ರು. ಆಣೆ ವಿಷ್ಯಾನೂ ಹೇಳಿದ್ರು. ಒಣಮೀನು ಇರುತ್ತೆ ಅಂತ ನಾನು ಮೂಗಿಗೆ ಬಟ್ಟೆ ತಂದಿದ್ದೆ. ಆದ್ರೆ ನಿಮ್ಮ ಮನೇನ ನೀವೇ ಕೆಸರಿಗೆ ಹಾಕ್ತೀರಿ ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ. ಥೂ, ನಾಚಿಕೆ ಆಗ್ಬೇಕು ನಿಮಗೆ.”

ಜಯಕರನಿಗೆ ಥೂ ಎಂದವರು ಇದುವರೆಗೆ ಯಾರೂ ಇರಲಿಲ್ಲ, ಗುಲಾಬಿಯೂ ಸಹ. ಉತ್ತರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ಲೋಕೇಶ ಕೂಗಿದ.

“ಚಂಪಾ! ಎಲ್ಲಾ ಕಡೆ ನೋಡ್ದೆ. ಮೂರು ಗಂಟೆಯಿಂದ ಮಗ್ಗುಲಿಗೆ ಬಿದ್ದಿದೆ, ಒಂದು ಹನಿ ನೀರಿಲ್ಲ. ಚೌಕಟ್ಟು ತಿರುಚಿ ಒಂದು ಬಾಗಿಲೂ ಬಿಗಿಯಾಗಿಲ್ಲ, ಎಲ್ಲಾ ಸಲೀಸಾಗಿ ತೆರೆದುಕೊಳ್ಳುತ್ತೆ. ದುಡ್ಡು ಕೊಟ್ಟು ಇಂಜಿನಿಯರ್ ಕರ್ಸಿದ್ರೂ ಇಷ್ಟು ಚೆನ್ನಾಗಿ ಟೆಸ್ಟ್ ಮಾಡ್ತಿರ್ಲಿಲ್ಲ ಕಣೇ!”

ಜಯಕರನ ಕೈಯಲ್ಲಿ ಚಹಾ ತಣ್ಣಗಾಯಿತು. ಹೆಂಡ್ರಿಕಾ ಗಟ್ಟಿ ಎಂದು ಹದಿನಾಲ್ಕು ವರ್ಷ ಕಂಡಕಂಡವರ ಮುಂದೆ ಕೊಚ್ಚಿಕೊಂಡವನು ಅವನು. ಇವತ್ತು ಅದನ್ನು ಸಾಬೀತು ಮಾಡಿ ತೋರಿಸಿದವನೂ ಅವನೇ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸಿತು.

ಏಳು ಗಂಟೆಯ ಸುಮಾರಿಗೆ ನೀರು ಬಂದು ಹೆಂಡ್ರಿಕಾ ನೆಟ್ಟಗಾದಳು. ವಾಪಸು ತರುವಾಗ ಚುಕ್ಕಾಣಿ ಹಿಡಿದವಳು ಚಂಪಾ. ಬೆಳಕು ಕಡಿಮೆಯಾಗಿತ್ತು, ಜಯಕರನ ಬಲಗಣ್ಣಿಗೂ ಜೆಟ್ಟಿಯ ಅಂಚು ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ಅವನು ಹೇಳಲಿಲ್ಲ. ಅವಳೂ ಕೇಳದೆ ದೋಣಿಯನ್ನು ಅದರ ಜಾಗದಲ್ಲಿ ನಿಲ್ಲಿಸಿದಳು. ಎಲ್ಲಿಯೂ ತಾಗಲಿಲ್ಲ. ಜಯಕರ ಚಪ್ಪಲಿ ಮೆಟ್ಟಿ ಜೆಟ್ಟಿಗೆ ಇಳಿದು ಹಗ್ಗ ಕಟ್ಟಿದ. ಕತ್ತಲಲ್ಲೂ ಅವನ ಕೈಗೆ ಆ ಗಂಟು ಗೊತ್ತಿತ್ತು.

ಚಂಪಾ ಚೀಲದಿಂದ ಎಲೆ, ಅಡಿಕೆ, ಎರಡು ಬಾಳೆಹಣ್ಣು ತೆಗೆದು ತಟ್ಟೆಯಲ್ಲಿಟ್ಟು ಡೆಕ್ಕಿನ ಅಂಚಿಗೆ ಬಂದಳು. ಪಕ್ಕದಲ್ಲಿ ಲೋಕೇಶ.

“ದೋಣಿ ನಮಗೆ ಬೇಕು ಅಂಕಲ್. ನೀವೇನಂತೀರಿ?”

ಬೈರಾಸಿನ ವಿಷಯ ಅವಳು ಗಂಡನಿಗೆ ಹೇಳಿರಲಿಲ್ಲ. ಹೇಳುವುದೂ ಇಲ್ಲ ಎಂದು ಜಯಕರನಿಗೆ ಗೊತ್ತಾಯಿತು. ಅದಕ್ಕಾಗಿ ಅವಳ ಮೇಲೆ ಇನ್ನಷ್ಟು ದ್ವೇಷ ಹುಟ್ಟಿತು. ಮಗಳ ತಲೆಗೂದಲು ಇನ್ನೂ ಅಂಗೈಗೆ ತಾಗುತ್ತಿರುವಂತಿತ್ತು. ಅವನು ಎರಡೂ ಕೈ ಚಾಚಿ ತಾಂಬೂಲ ತಗೊಂಡ.

“ಹೆಸರು ಬದಲಿಸ್ಬೇಡಿ,” ಎಂದ.

“ನೋಡೋಣ,” ಎಂದಳು ಚಂಪಾ.

ರಾತ್ರಿಗೆ ಗಂಜಿ ಬೇಯಿಸಬೇಕಿತ್ತು. ಜೂನ್ ಮುಗಿಯುವವರೆಗೆ ಮಲಗುವುದು ಅಲ್ಲಿಯೇ ತಾನೇ. ತಟ್ಟೆಯನ್ನು ಎದೆಗೆ ಅವುಚಿಕೊಂಡು, ಎಂದಿನಂತೆ ಕಂಬಿ ಹಿಡಿದು ಅವನು ಡೆಕ್ಕಿಗೆ ಕಾಲೆತ್ತಿದ.

“ಅಂಕಲ್,” ಚಂಪಾ ದಾರಿಗೆ ಅಡ್ಡ ನಿಂತೇ ಹೇಳಿದಳು, “ಚಪ್ಪಲಿ.”

ಜಯಕರ ಎತ್ತಿದ ಕಾಲನ್ನು ಕೆಳಗಿಟ್ಟ. ಬಗ್ಗಿ ಒಂದು ಚಪ್ಪಲಿ ಬಿಚ್ಚಿದ, ಆಮೇಲೆ ಇನ್ನೊಂದು. ಎರಡನ್ನೂ ಲೋಕೇಶನ ಬೂಟಿನ ಪಕ್ಕದಲ್ಲಿ ಜೋಡಿಸಿಟ್ಟು, ಅವಳು ಸರಿದು ಜಾಗ ಬಿಡುವವರೆಗೆ ಜೆಟ್ಟಿಯ ಮೇಲೆ ಬರಿಗಾಲಿನಲ್ಲಿ ಕಾದು ನಿಂತ.