ಭಾವನವರ ಬೆನ್ನ ಹಿಂದೆ ಒಬ್ಬನಿದ್ದ

ನಮ್ಮ ಮನೆಯಲ್ಲಿ ಸಂಜೆ ಗುಂಡಿನ ಸದ್ದು ಶುರುವಾಯಿತೆಂದರೆ ಅತ್ತೆ ಹಾಲು ಕಾಯಿಸಲು ಇಡುತ್ತಿದ್ದರು. ಮೊಬೈಲ್ ಆಟದಿಂದ ಮನೆ ಹಾಳಾಗುತ್ತದೆ ಎಂದು ಬುದ್ಧಿ ಹೇಳಲು ಬಂದ ನೆಂಟರೊಬ್ಬರಿಗೆ, "ನಮ್ಮನಿ ಹಾಳಾಗಿದ್ದು ಈ ಆಟ ಬರೋಕ್ಕಿಂತ ಮುಂಚೇನೇ. ನೀವು ಚಾ ಕುಡ್ದು ಹೊರಡ್ರಿ" ಎಂದು ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅತ್ತೆಯ ಮೇಲೆ ನನಗೆ ನೂರೆಂಟು ಸಿಟ್ಟಿದೆ. ಆದರೆ ಆ ಒಂದು ಮಾತಿಗೆ ಅಷ್ಟನ್ನೂ ಮಾಫಿ ಮಾಡಬಹುದು.

ಹಾಳಾಗಿದ್ದು ಎಂದರೆ ನನ್ನ ವಾರಗಿತ್ತಿ ತೀರಿಹೋದದ್ದು. ಗಂಡನ ಅಣ್ಣನ ಹೆಂಡತಿ ಅವರು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಬರೀ ಜ್ವರ ಅಂತ ಶಿಕಾರಿಪುರದ ಆಸ್ಪತ್ರೆಗೆ ಹೋದವರು. ಭಾವನವರು ಆಗ ಕುರಿ ಹೊಡೆದುಕೊಂಡು ದೂರದ ಬೀಳಿಗೆ ಹೋಗಿದ್ದರು, ಅಲ್ಲಿ ಫೋನು ಸಿಗುತ್ತಿರಲಿಲ್ಲ. ಸುದ್ದಿ ಮುಟ್ಟಿ, ಯಾರದೋ ಬೈಕು ಹತ್ತಿ ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತಿನಿಂದ ಭಾವನವರು ಮಾತು ಬಿಟ್ಟರು. ಕೇಳಿದ್ದಕ್ಕೆ ತಲೆ ಆಡಿಸುವುದು, ಹಾಕಿದ್ದನ್ನು ಉಣ್ಣುವುದು, ಕುರಿಹಟ್ಟಿಗೆ ಹೋಗುವುದು. ಮನೆಯಲ್ಲಿ ಒಂದು ಕಂಬ ಹೆಚ್ಚಾದಂತೆ ಇದ್ದರು.

ನಾವು ಆಡುತ್ತಿದ್ದ ಆಟ ನಾಲ್ಕು ಜನರ ತಂಡದ್ದು. ಬಂದೂಕು ಹಿಡಿದ ನಮ್ಮ ಕೈ ಮಾತ್ರ ಪರದೆಯ ಮೇಲೆ ಕಾಣುತ್ತದೆ, ಉಳಿದದ್ದೆಲ್ಲ ನಮ್ಮ ಕಣ್ಣಿನಿಂದಲೇ ನೋಡಿದ ಹಾಗೆ. ಎದುರಿಗೂ ನಾಲ್ವರು. ಗುಂಡು ಬಿದ್ದ ಕೂಡಲೇ ಯಾರೂ ಸಾಯುವುದಿಲ್ಲ. ನೆಲಕ್ಕೆ ಬಿದ್ದು ತೆವಳುತ್ತಿರುತ್ತಾರೆ. ನಮ್ಮವರಲ್ಲಿ ಒಬ್ಬರು ಓಡಿಬಂದು ಎತ್ತಿದರೆ ಮತ್ತೆ ಬದುಕುತ್ತಾರೆ. ನಾನು, ನನ್ನ ಗಂಡ, ಕುಬಟೂರಿನ ತವರುಮನೆಯಿಂದ ನನ್ನ ತಂಗಿ, ಹೀಗೆ ನಾವು ಮೂವರಾದೆವು. ನಾಲ್ಕನೆಯವನಾಗಿ ಹಿಂದಿಯಲ್ಲಿ ಬೈಯುವ ಯಾವನೋ ಅಪರಿಚಿತ ಬಂದು ಸೇರಿಕೊಳ್ಳುತ್ತಿದ್ದ. ಒಂದು ಸಂಜೆ ನನ್ನ ಗಂಡ ಬೇಸತ್ತು ಹಳೆಯ ಫೋನೊಂದನ್ನು ಅಣ್ಣನ ಕೈಗೆ ಕೊಟ್ಟು, "ಸುಮ್ನೆ ನಮ್ ಜೊತಿ ನಿಂತ್ಕೋ ಸಾಕು" ಎಂದರು.

ಭಾವನವರು ಕೆಲವು ದಿನ ನಿಂತೇ ಇದ್ದರು. ಬೇಲಿಗೆ ಮುಖ ಕೊಟ್ಟು, ನೀರಿಗಿಳಿದು, ಎಲ್ಲರಿಗಿಂತ ಮೊದಲು ಸತ್ತು. ಆಮೇಲೊಂದು ಸಂಜೆ ನಾನು ಗುಂಡು ತಿಂದು ಬಿದ್ದಾಗ ಕಿವಿಯ ಇಯರ್‌ಫೋನಿನೊಳಗೆ ಯಾರೋ, "ಬಂದೆ, ಬಂದೆ, ಸಾಯಬ್ಯಾಡ, ಬಂದೆ" ಎಂದರು. ಅದು ಯಾರ ದನಿ ಎಂದು ನನಗೆ ಗೊತ್ತಾಗಲಿಲ್ಲ, ಅಷ್ಟು ದಿನವಾಗಿತ್ತು ಅದನ್ನು ಕೇಳಿ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂತುಬಿಟ್ಟರು. ಮಾರನೆಯ ದಿನದಿಂದ ಅವರೇ, "ಹೊತ್ತಾತು, ಆಡಾಕ ಕೂರ್ರಿ" ಎಂದು ನಮ್ಮನ್ನು ಎಬ್ಬಿಸತೊಡಗಿದರು.

ಆದರೆ ಈ ಮನೆಯಲ್ಲಿ ಒಂದು ಪದ್ಧತಿ ಇದೆ. ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. ನಮ್ಮ ಸೊರಬದ ಕಡೆ, ಕನಿಷ್ಠ ನಮ್ಮ ಮನೆಯಲ್ಲಿ, ಇಂಥದ್ದನ್ನು ನಾನು ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಕ್ಕಿದ್ದೆ. ನಗು ಬೇಗ ನಿಂತಿತು. ಭಾವನವರು ಎದುರಿಗೇ ಕೂತಿದ್ದರೂ, "ರೀ, ಊಟಕ್ಕೆ ಏಳ್ಬೇಕಂತೆ ಹೇಳ್ರಿ" ಎಂದು ನಾನು ಗಂಡನಿಗೆ ಹೇಳಬೇಕು. ಅವರೂ ಗಂಡನಿಗೇ ಉತ್ತರ ಕೊಡುತ್ತಾರೆ. ಗಂಡ ಮಧ್ಯೆ ಕೂತು ಟಪಾಲು ಕಚೇರಿ ನಡೆಸುತ್ತಾರೆ. ಆಟದಲ್ಲಿ ಇದು ನಡೆಯುವುದಿಲ್ಲವಲ್ಲ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೆಣ ಬೀಳುತ್ತದೆ. ಅದಕ್ಕೆ ಅತ್ತೆಯೇ ತೀರ್ಪು ಕೊಟ್ಟರು: "ಅವ್ಳು ಫೋನಿಗೆ ಹೇಳ್ತಾಳೆ, ಇವ್ನು ಫೋನಿನಾಗ ಕೇಳ್ತಾನೆ. ಅದ್ರಾಗೇನು ತಪ್ಪು?" ಹಾಗಾಗಿ ನಾನು ಅಡುಗೆಮನೆಯಲ್ಲಿ, ಅವರು ಪಡಸಾಲೆಯಲ್ಲಿ. ನಡುವೆ ಒಂದು ಗೋಡೆ, ಕಿವಿಯಲ್ಲಿ ಇಯರ್‌ಫೋನು. ಆ ಗೋಡೆಯ ದೆಸೆಯಿಂದ ನಾವಿಬ್ಬರೂ ಮಾತಾಡಿಕೊಂಡೆವು.

ಈ ಆಟದಲ್ಲಿ ಅಂಥದ್ದೇನಿದೆ ಎಂದು ನನ್ನನ್ನು ಕೇಳುವವರಿದ್ದಾರೆ. ಗುಂಡು ಗುರಿಗೆ ಬಿದ್ದಾಗ ಖುಷಿಯಾಗುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ, ಬಹಳ ಆಗುತ್ತದೆ. ಆದರೆ ಅದಕ್ಕಿಂತ ದೊಡ್ಡದೊಂದಿದೆ. ದಿನವಿಡೀ ಮನೆಯಲ್ಲಿ ನಾನು ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡದೆ ಬಿಟ್ಟದ್ದು ಮಾತ್ರ ಬೀಳುತ್ತದೆ. ಆಟದಲ್ಲಿ ಒಬ್ಬರು "ಆ ಕಡೆ ನೀ ನೋಡ್ಕೋ" ಎಂದರೆ ಆ ದಿಕ್ಕು ಪೂರ್ತಿ ನನ್ನದು. ಮಿಕ್ಕವರು ನನ್ನನ್ನು ನಂಬಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಮನುಷ್ಯರು ನನ್ನನ್ನು ಅಷ್ಟು ನಂಬಿದ್ದು ನನಗೆ ಬೇರೆಲ್ಲೂ ಗೊತ್ತಿಲ್ಲ. ಕುರಿ ಕಾಯ್ದ ಕಣ್ಣು ಭಾವನವರದು, ದೂರದ ಮಿಸುಕಾಟ ಅವರಿಗೇ ಮೊದಲು ಕಾಣುತ್ತಿತ್ತು. ಹತ್ತಿರದ್ದನ್ನು ನಾನು ಹೇಳುತ್ತಿದ್ದೆ. ಅವರಲ್ಲಿ ಒಂದೇ ಕೆಟ್ಟ ಅಭ್ಯಾಸ: ಯಾರು ಬಿದ್ದರೂ ಹಿಂದುಮುಂದು ನೋಡದೆ ಎತ್ತಲು ಓಡುವುದು. ಎಷ್ಟು ಬೈದರೂ ಬಿಡಲಿಲ್ಲ.

ಸೊರಬದಲ್ಲಿ ಪಂದ್ಯ ಇಟ್ಟಿದ್ದಾರೆ ಎಂಬ ಸುದ್ದಿ ತಂದವಳು ನನ್ನ ತಂಗಿ. ಭಾವನವರು ಗಡ್ಡ ತೆಗೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಅಕ್ಕ ಹೋದಮೇಲೆ ಅವರು ಇಸ್ತ್ರಿ ಅಂಗಿ ಹಾಕಿದ್ದೇ ಅವತ್ತು. ದಾರಿಯುದ್ದಕ್ಕೂ ತಮ್ಮನ ಜೊತೆ ಎದುರಾಳಿಗಳ ವಿಚಾರ ಮಾತಾಡಿದರು. ನಾನು ಹಿಂದಿನ ಸೀಟಿನಲ್ಲಿ ಕೂತು, ಇದೊಂದು ಗೆದ್ದುಬಿಟ್ಟರೆ ಇವರು ಪೂರ್ತಿ ನಮ್ಮ ಕಡೆ ಬಂದುಬಿಡುತ್ತಾರೆ, ಇನ್ನು ವಾಪಸ್ ಹೋಗುವುದಿಲ್ಲ ಎಂದು ಹುಚ್ಚಿಯ ಹಾಗೆ ನಂಬಿದ್ದೆ. ಬಹುಮಾನ ಏನೆಂದು ಕೇಳಿಯೂ ಇರಲಿಲ್ಲ.

ಪಂದ್ಯ ಇದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಒಂದೊಂದು ತಂಡಕ್ಕೆ ಒಂದೊಂದು ಬೆಂಚು. ಭಾವನವರು ತುದಿಗೆ, ಆಮೇಲೆ ನನ್ನ ಗಂಡ, ಆಮೇಲೆ ನಾನು, ಈ ತುದಿಗೆ ತಂಗಿ. ಯಾರೂ ಹೇಳದೆಯೇ ನಾವು ಹಾಗೇ ಕೂತೆವು. ಪಂದ್ಯ ನಡೆಸುತ್ತಿದ್ದ ಹುಡುಗ ಬಂದು, "ಮೈಕು, ಇಯರ್‌ಫೋನು ಯಾವ್ದೂ ಬೇಡ. ಒಂದೇ ಬೆಂಚಲ್ಲಿ ಕೂತಿದೀರಲ್ಲ, ಬಾಯಲ್ಲೇ ಹೇಳ್ಕೊಳಿ. ಔಟಾದವ್ರು ಎದ್ದು ಆ ಕಡೆ ಹೋಗ್ಬೇಕು" ಎಂದು ಹೇಳಿಹೋದ. ಗೋಡೆಯೂ ಇಲ್ಲ, ಇಯರ್‌ಫೋನೂ ಇಲ್ಲ, ಭಾವನವರಿಗೆ ಬಾಯಲ್ಲೇ ಹೇಳಬೇಕು. ಗಂಡನ ಕಡೆ ನೋಡಿದೆ. ಅವರು ಚಾರ್ಜು ಎಷ್ಟಿದೆ ಎಂದು ನೋಡಿಕೊಳ್ಳುತ್ತಿದ್ದರು.

ಮೊದಲ ಆಟಗಳನ್ನು ಹೇಗೋ ದಾಟಿದೆವು. ಕೊನೆಯದರಲ್ಲಿ ತಂಗಿ ಬೇಗ ಸತ್ತು ಎದ್ದುಹೋದಳು. ಎದುರಿಗೆ ಇಬ್ಬರೇ ಉಳಿದಿದ್ದರು, ನಾವು ಮೂವರು. ನಾನು ಒಂದು ಗೋಡೆಯ ಪಕ್ಕ ಗುಂಡು ತಿಂದು ಬಿದ್ದೆ. ಭಾವನವರು ತಮ್ಮ ಜಾಗ ಬಿಟ್ಟು ನನ್ನ ಕಡೆ ಓಡತೊಡಗಿದರು. ಬಿದ್ದಲ್ಲಿಂದಲೇ ನನಗೆ ಕಾಣಿಸಿತು: ಅವರು ಬರುವ ದಾರಿಯಲ್ಲಿ, ಗೋಡೆಯ ಹಿಂದೆ ಒಬ್ಬ ಕೂತಿದ್ದಾನೆ, ಅವರು ದಾಟಲಿ ಎಂದು ಕಾಯುತ್ತಿದ್ದಾನೆ. "ಭಾವಾ, ಹಿಂದೆ" ಎಂದರೆ ಸಾಕಿತ್ತು. ಎರಡು ಮಾತು. ಬಾಯಿ ತೆರೆದೆ. ಗಂಟಲಿನಿಂದ ಬಂದದ್ದು, "ರೀ, ಬರ್ಬೇಡಿ ಅಂತ ಹೇಳ್ರೀ ಅವ್ರಿಗೆ, ಗೋಡೆ ಹಿಂದೆ ಒಬ್ಬ ಇದಾನೆ!"

ಗಂಡ ತಾವೇ ಇನ್ನೊಬ್ಬನ ಜೊತೆ ಕಾದಾಡುತ್ತಿದ್ದರು. "ಆಂ? ಏನು?" ಎಂದರು.

ಭಾವನವರು ನನ್ನನ್ನು ಮುಟ್ಟಲು ಇನ್ನೊಂದು ಮಾರು ಇತ್ತು. ಅಲ್ಲೇ ಬಿದ್ದರು. ಆಮೇಲೆ ಗಂಡನೂ ಬಿದ್ದರು. ಬೆನ್ನ ಹಿಂದೆ ಯಾರೋ ಕೇಕೆ ಹಾಕಿದರು, ಪಕ್ಕದ ಬೆಂಚಿನವರು ಕುಣಿದರು. ನಾನು ಹಾಗೇ ಕೂತಿದ್ದೆ. ಒಂದು ತೋಳಿನಷ್ಟು ದೂರದಲ್ಲಿದ್ದ ಮನುಷ್ಯನಿಗೆ ಹೇಳಬೇಕಾದ್ದನ್ನು ನಮ್ಮ ಪದ್ಧತಿ ಸುತ್ತು ಹಾಕಿಸಿ ಕಳಿಸಿತ್ತು.

ವಾಪಸ್ ಬರುವಾಗ ಭಾವನವರು ಆಡಿದ್ದು ಒಂದೇ ಮಾತು, ತಮ್ಮನಿಗೆ: "ಅವತ್ತೂ ಹಿಂಗೇ ಆತು. ನಾ ಹೋಗಿ ಮುಟ್ಟೋದ್ರಾಗ ಮುಗ್ದಿತ್ತು."

ಅವತ್ತಿನಿಂದ ಅವರ ಫೋನು ಮಾಡದ ಮೇಲೆ ಬಿದ್ದಿದೆ. ಸಂಜೆ ಅತ್ತೆ, "ಹೊತ್ತಾತು ಕಣ್ರೋ" ಎನ್ನುತ್ತಾರೆ, ಯಾರೂ ಏಳುವುದಿಲ್ಲ. "ಆಟ ಅಷ್ಟೇ, ಬಿಡೇ" ಎಂದು ನನ್ನ ಗಂಡ ಹೇಳಿದಾಗ ಕೈಯಲ್ಲಿದ್ದ ಸೌಟನ್ನು ಎಸೆಯಬೇಕು ಅನ್ನಿಸಿತು. ಕೊನೆಗೆ ನಾಚಿಕೆ ಬಿಟ್ಟು ಒಂದು ಕೆಲಸ ಮಾಡಿದೆ. ಭಾವನವರ ಕೋಣೆಯ ಬಾಗಿಲ ಹತ್ತಿರ ಕೂತು, ಫೋನಿನ ಸದ್ದು ಜೋರು ಮಾಡಿ, ಬೇಕೆಂದೇ ಬಯಲಿಗೆ ಹೋಗಿ ನಿಂತು ಗುಂಡು ತಿಂದೆ. "ಬಿದ್ದೆ, ಯಾರಾದ್ರೂ ಬರ್ರಿ" ಎಂದು ಕೂಗಿದೆ. ಯಾರೂ ಎತ್ತಲಿಲ್ಲ, ಸತ್ತೆ. ಮತ್ತೆ ಆಡಿದೆ, ಮತ್ತೆ ಬಿದ್ದೆ, ಮತ್ತೆ ಕೂಗಿದೆ. ಒಳಗೆ ಮಂಚ ಕಿರುಗುಟ್ಟಿತು. ಅಷ್ಟೇ. ಅವರು ಮಗ್ಗುಲು ಬದಲಿಸಿದ್ದರು.

ಉಣ್ಣುವುದೂ ಕಡಿಮೆಯಾಯಿತು. ಇಸ್ತ್ರಿ ಅಂಗಿಯ ಮನುಷ್ಯ ಇವರೇನಾ ಅನ್ನುವ ಹಾಗೆ ಸೊರಗಿದರು. ಮೊನ್ನೆ ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದಾಗ ನಾನು ತಟ್ಟೆಗೆ ಅನ್ನ ಸಾರು ಬಡಿಸಿಕೊಂಡು ಅವರ ಕೋಣೆಯ ಹೊಸ್ತಿಲು ದಾಟಿದೆ. ಮದುವೆಯಾಗಿ ಬಂದಮೇಲೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಸಾರು ತುಳುಕಿತು.

"ಭಾವಾ," ಎಂದೆ. ದನಿ ನನ್ನದೇ ಅನ್ನಿಸಲಿಲ್ಲ. "ನೀವು ತಡ ಮಾಡ್ಲಿಲ್ಲ. ನೀವು ಸರಿಯಾಗೇ ಬಂದ್ರಿ. ನಾನು ಬಾಯಿಬಿಟ್ಟು ಹೇಳಿದ್ರೆ ಉಳೀತಿದ್ರಿ. ಏಳ್ರಿ, ಊಟ ಮಾಡ್ರಿ."

ಅವರು ನನ್ನ ಕಡೆ ನೋಡಲಿಲ್ಲ. ಗೋಡೆಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ, ಗೌರವದಿಂದಲೇ, "ತಮ್ಮಾ, ನಂಗೆ ಹಸಿವಿಲ್ಲ ಅಂತ ಹೇಳಪ್ಪ" ಎಂದರು.

ನನ್ನ ಗಂಡ ಬೆಳಿಗ್ಗೆಯೇ ಮೆಕ್ಕೆಜೋಳ ಹೇರಿಕೊಂಡು ಶಿಕಾರಿಪುರಕ್ಕೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ ಇದ್ದೆವು.