ದೇಶಕ್ಕೆ ಹಾಡಿದ ಬೀಗರ ಪದ

ನನಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. "ನಿನ್ನ ಕಾಲಾಗ ಚಕ್ರ ಅದಾವ ನೋಡವಾ" ಎಂದು ಅತ್ತೆ ಮೊದಲಿನಿಂದಲೂ ಚೇಷ್ಟೆ ಮಾಡುತ್ತಿದ್ದರು. ಆದರೆ ಆ ಕಬ್ಬಿನ ಹಂಗಾಮಿನಲ್ಲಿ ಅಡುಗೆಮನೆಗೂ ತಲಬಾಗಿಲಿಗೂ ನಾನು ತಿರುಗಿದಷ್ಟು ಯಾವತ್ತೂ ತಿರುಗಿಲ್ಲ. ನಾನೇ ಕಟ್ಟಿ, ನಾನೇ ಹಾಡಿದ ಒಂದು ಹಾಡು ದಿನಕ್ಕೆ ಹತ್ತು ಸಲ ನಮ್ಮ ಮನೆ ಮುಂದೆ ಹಾದುಹೋಗುತ್ತಿತ್ತು, ಮತ್ತು ಅದನ್ನು ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ.

ನಮ್ಮ ಮನೆ ಶಿರಗುಪ್ಪಿಯ ಕಡೆ, ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಗೆ ಹತ್ತಿಯೇ ಇದೆ. ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಡಬ್ಬಿ ಕಬ್ಬು ಎಳೆಯುವ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಪ್ರತಿ ಡ್ರೈವರನ ಹಿಂದೆ ದೊಡ್ಡ ದೊಡ್ಡ ಸ್ಪೀಕರು. ಪೆನ್‌ಡ್ರೈವಿನಲ್ಲಿ ಹೊಸ ಹಾಡು ಬಂತೆಂದರೆ ಕಬ್ಬಿಗಿಂತ ಮುಂಚೆ ಅದೇ ಊರೂರು ತಿರುಗುತ್ತದೆ. ಇದನ್ನು ನೋಡಿಯೇ ನನಗೆ ಆಲ್ಬಂ ಮಾಡುವ ಹುಚ್ಚು ಹತ್ತಿದ್ದು.

ನಮ್ಮ ಕಡೆ ಮದುವೆಯಲ್ಲಿ ಬೀಗರು ಊಟಕ್ಕೆ ಕೂತಾಗ ಹೆಂಗಸರು ಬೀಗರ ಪದ ಹಾಡುತ್ತಾರೆ. ಅವರ ಮೂಗು, ಹೊಟ್ಟೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ, ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಕೊಡದೆ ತಾಟು ಸರಿಸಿ ಎದ್ದರೆ ಸಂಬಂಧ ಕೆಟ್ಟಿತೆಂದೇ ಅರ್ಥ. ನಮ್ಮ ಅತ್ತೆ ಇದರಲ್ಲಿ ಗಟ್ಟಿಗಿತ್ತಿ. ಚಿಕ್ಕೋಡಿ, ರಾಯಬಾಗದಿಂದಲೂ ಮದುವೆಗೆ ಅವರನ್ನು ಕರೆಯುತ್ತಿದ್ದರು. ನನ್ನ ಮದುವೆಯ ದಿನ ಅವರು ನನ್ನ ತವರಿನವರಿಗೆ ಹಾಡಿದ್ದನ್ನು ಕೇಳಿ ನಮ್ಮಪ್ಪ ನಗುತ್ತ ಎದ್ದು ಕೈಮುಗಿದಿದ್ದ. ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ. ಆಮೇಲೆ ಅವರ ಹತ್ತಿರವೇ ಕಲಿತೆ.

ಟಿವಿಯಲ್ಲಿ ಇತಿಹಾಸದ ಹೆಸರು ಹೇಳಿ ಒಬ್ಬರ ಮೇಲೊಬ್ಬರು ಕೂಗಾಡುವುದನ್ನು ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ಒಂದು ದಿನ ಅಂದೆ, "ಅತ್ತ್ಯಾರ, ಇಡೀ ದೇಶದ ಇತಿಹಾಸಾನ ಬೀಗರ ಪದದಾಗ ಹಾಡಿದ್ರ ಹೆಂಗ್ರಿ? ಬಂದಾವ್ರೆಲ್ಲಾ ಬೀಗ್ರು, ಉಂಡು ಕುಂತಾವ್ರು, ಏಳವಲ್ರು." ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕರು. ಒಬ್ಬೊಬ್ಬ ರಾಜನಿಗೆ, ಬಾದಶಹನಿಗೆ, ಪೇಶ್ವೆಗೆ ಒಂದೊಂದು ಹಾಡು ಕಟ್ಟಿದೆವು. ಇಂಗ್ರಜಿಯವರ, ಅಂದರೆ ಬ್ರಿಟಿಷರ ಹಾಡು ಹೀಗಿತ್ತು:

ಮೆಣಸ ಬೇಡಾಕ ಬಂದ ಬೀಗ ಕಂಬಕ್ಕ ಆತು ಕುಂತಾನ
ತಂಬಿಗಿ ನೀರ ಕೊಟ್ಟರ ನಮ್ಮ ಬಾವೀನ ತನ್ನದ ಅಂತಾನ

ಅತ್ತೆ ಒಂದೊಂದು ಸೊಲ್ಲನ್ನೂ ತಿದ್ದಿದರು. "ಬೀಗ ಬಂದದ್ದ ಹೇಳಿದಿ, ಚಪ್ಪಲ ಎಲ್ಲಿ ಬಿಟ್ಟಾ ಹೇಳಲಿಲ್ಲ" ಎನ್ನುವರು. ಮೊಣಕಾಲು ನೋವು, ಅವರು ರೆಕಾರ್ಡಿಂಗಿಗೆ ಬರಲಿಲ್ಲ. ನಮ್ಮ ಮಹಿಳಾ ಸಂಘದ ನಾಲ್ವರನ್ನು ಕಟ್ಟಿಕೊಂಡು ನಾನೇ ನಿಪ್ಪಾಣಿಯ ಸ್ಟುಡಿಯೋಗೆ ಹೋದೆ.

ಅಲ್ಲಿ ಏಳು ಹಾಡು ಮುಗಿಸಿ ನೀರು ಕುಡಿಯುತ್ತಿದ್ದೆವು. ರೆಕಾರ್ಡಿಂಗ್ ಮಾಡುವವನು ಕಿವಿಯಿಂದ ಹೆಡ್‌ಫೋನು ತೆಗೆದು, "ಅಕ್ಕಾರ, ಇಂಗ್ರಜಿಯವ್ರು ಇನ್ನಾ ಕುಂತ ಅದಾರಲ್ರಿ. ಅವರ್ನ ಎಬ್ಸಾವ್ರು ಯಾರು?" ಅಂದ. ಹೌದಲ್ಲ! ಸ್ವಾತಂತ್ರ್ಯವನ್ನೇ ಮರೆತಿದ್ದೆವು. ನಾಳೆ ಬರುತ್ತೇವೆ ಎನ್ನಬೇಕಿತ್ತು, ಮನೆಗೆ ಬಂದು ಅತ್ತೆಯನ್ನು ಕೇಳಬೇಕಿತ್ತು. ನನಗೆಲ್ಲಿಯ ತಾಳ್ಮೆ? ತೀರಿಹೋದ ನಮ್ಮ ಮಾವ, ಅತ್ತೆ ಮನೆಯಲ್ಲಿಲ್ಲದಾಗ ನಗುತ್ತ ಹೇಳುತ್ತಿದ್ದ ಒಂದು ಕತೆ ಬಾಯಿಗೆ ಬಂತು. ಅಲ್ಲೇ ನಿಂತು ಕಟ್ಟಿ ಹಾಡಿಬಿಟ್ಟೆ:

ತಂಬಾಕ ಮಾರಾಕ ನಿಪ್ಪಾಣಿಗೆ ಹೋದಾ ಮಾವಯ್ಯ
ಜನದಾಗ ಸಿಕ್ಕು ಜೈಲಿಗೆ ಹೋದಾ ಮಾವಯ್ಯ
ಯಾಕ ಹಿಡದ್ರಿ ಅಂದರ ದೇಶಕ್ಕಾಗಿ ಅಂದಾರ
ದೇಶ ಅಂದ್ರ ಯಾವ ಊರ್ರೀ ಅಂದಾ ಮಾವಯ್ಯ

ಹಾಡಿನ ಕೊನೆಗೆ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆ ನಗುವನ್ನೂ ಅವನು ಹಾಡಿಗೆ ಸೇರಿಸಿದ. ಆ ಮಾವಯ್ಯ ಯಾರೆಂದು ನನ್ನ ಜೊತೆಯವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವನು ನಮ್ಮ ಅತ್ತೆಯ ಅಪ್ಪ, ನಮ್ಮ ಮಾವನಿಗೆ ಮಾವ. ನಮ್ಮ ಪಡಸಾಲೆಯಲ್ಲಿ ಹಾರ ಹಾಕಿದ ಅವನ ಫೋಟೊ ಇದೆ. ಸ್ವಾತಂತ್ರ್ಯ ಯೋಧನ ಮಗಳೆಂದು ಪ್ರತಿ ಸಲ ಝೆಂಡಾ ಹಾರಿಸುವ ದಿನ ಸಾಲೆಯವರು ಅತ್ತೆಯನ್ನು ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ಹೆಸರು ಹಾಕಿಲ್ಲವಲ್ಲ, ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಎಂಥಾ ಹುಚ್ಚಿ ನಾನು!

ಅತ್ತೆಗೆ ತಿಳಿಯಿತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಒಂದು ಸಂಜೆ ಇಬ್ಬರೂ ಊಟಕ್ಕೆ ಕೂತಿದ್ದಾಗ ನಮ್ಮ ಹೊಸ ಆಲ್ಬಂ ಹಚ್ಚಿಕೊಂಡು ಮನೆ ಮುಂದೆಯೇ ಒಂದು ಟ್ರ್ಯಾಕ್ಟರು ನಿಂತಿತು. ಬಾವಿಯ ಹಾಡಿಗೆ ಅತ್ತೆ ತೊಡೆ ತಟ್ಟಿ ತಾಳ ಹಾಕಿದರು. ಆಮೇಲೆ ಎಂಟನೆಯದು ಬಂತು. ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು.

"ಇದನ್ನ ಯಾರ ಕಟ್ಯಾರ?"

"ನಾನ್ರಿ."

ಬೈಯಲಿಲ್ಲ. ತಾಟು ಸರಿಸಿ, ಕೈ ತೊಳೆದು, ಎದ್ದು ಒಳಗೆ ಹೋದರು. ಎಪ್ಪತ್ತೆಂಟರ ಮುದುಕಿ ಮರುದಿನ ಬೆಳಗಿನವರೆಗೆ ಉಪವಾಸ. ತಪ್ಪಾಯಿತು ಎನ್ನಲು ನನ್ನ ಸೊಕ್ಕು ಬಿಡಲಿಲ್ಲ.

ಅಂದಿನಿಂದ ಅತ್ತೆ ಉಪ್ಪು ಕೇಳಿದರು, ಹಾಲಿನವನು ಬಂದನೇ ಎಂದು ಕೇಳಿದರು, ಹಾಡು ಮಾತ್ರ ನಿಂತಿತು. ಜೋಳ ಹಸನು ಮಾಡುವಾಗಲೂ ಗುನುಗಲಿಲ್ಲ. ಮೊರದ ಸಪ್ಪಳವೊಂದೇ. ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಂದು ದಿನ ಟ್ರ್ಯಾಕ್ಟರಿನ ಸದ್ದು ಕೇಳಿದೊಡನೆ ಸೆರಗು ಬಿಗಿದುಕೊಂಡು ರಸ್ತೆಗೆ ಓಡಿ, "ಅಣ್ಣಾ, ಆ ಎಂಟನೇದ ತಗದ ಹಾಕ್ರಿ" ಎಂದು ಬೇಡಿದೆ. ಡ್ರೈವರ್ ನಕ್ಕ. "ಯಕ್ಕಾ, ಅದ ಝಕಾಸ ಐತಿ! ನಾ ತಗದ್ರೇನಾತು, ಅಥಣಿತನಕಾ ಎಲ್ಲಾರ ಕಡೆ ಐತಿ." ನಮ್ಮ ಯಜಮಾನರನ್ನು ಕೇಳಿದರೆ, "ಹೋಗಿ ಮಾಫಿ ಕೇಳ" ಅಂದರು. "ಏನಂತ ಕೇಳ್ಲಿ? ಸುಳ್ಳ ಹಾಡೀನೇನು?" ಎಂದು ಅವರ ಮೇಲೆಯೇ ಹರಿಹಾಯ್ದೆ.

ಜನವರಿ ಇಪ್ಪತ್ತಾರು ಬಂತು. ಸಾಲೆಯಿಂದ ಹಿಂದಿನ ದಿನವೇ ಕರೆ ಬಂದಿತ್ತು. ಇಸ್ತ್ರಿ ಮಾಡಿದ ಬಿಳಿ ಸೀರೆ ಪೆಟ್ಟಿಗೆಯ ಮೇಲೆ ಹಾಗೇ ಇತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. "ನಾ ಬರೂದಿಲ್ಲ. ಜನಾ ನಗತಾರ" ಅಂದರು.

ನನ್ನ ಕೈಲಿ ತಡೆಯಲಾಗಲಿಲ್ಲ. "ಬೈರಿ ಅತ್ತ್ಯಾರ, ಎರಡ ಬಡೀರಿ ಬೇಕಾರ! ಹಿಂಗ ಬಾಯಿ ಹೊಲಕೊಂಡ ಕುಂಡ್ರಬ್ಯಾಡ್ರಿ. ಬೀಗರ ಪದಕ್ಕ ಉತ್ತರಾ ಕೊಡಬೇಕಂತ ಕಲಿಸಿದಾವ್ರು ನೀವ. ಕೊಡ್ರಿ ಈಗ!" ಕೂಗುತ್ತ ಕೂಗುತ್ತ ಅಳುವೇ ಬಂತು.

ಅತ್ತೆ ತಿರುಗಿದರು. "ಬೀಗರ ಪದಾ ಎದುರ ಕುಂತಾವ್ರಿಗೆ ಹಾಡತಾರ. ನೀ ಸತ್ತಾಂವಗ ಹಾಡಿದಿ. ಅಂವ ಹೆಂಗ ಉತ್ತರಾ ಕೊಡಬೇಕವಾ?"

ಇಷ್ಟು ಮದುವೆಗಳಲ್ಲಿ ಹಾಡಿದ ನಾನು ಮೊದಲ ಪಾಠವನ್ನೇ ತಪ್ಪಿದ್ದೆ.

"ಸುಳ್ಳ ಅಲ್ಲ ನೀ ಹಾಡಿದ್ದು," ಅತ್ತೆ ಮೆಲ್ಲಗೆ ಅಂದರು. "ನಮ್ಮಪ್ಪ ತಂಬಾಕ ಮಾರಾಕ ಹೋಗಿದ್ದಾ. ಚಳವಳಿ ಜನದಾಗ ಸಿಕ್ಕಾ. ಅಂವಗ ದೇಶಾನೂ ಗೊತ್ತಿದ್ದಿಲ್ಲ, ಏನೂ ಗೊತ್ತಿದ್ದಿಲ್ಲ. ನಿಮ್ಮ ಮಾವ ಅಷ್ಟ ಹೇಳಿ ನಗತಿದ್ರು. ಮುಂದಿಂದ ನಮ್ಮವ್ವ ನನಗ ಹೇಳ್ಯಾಳ. ಮೂರನೇ ದಿನಾ ಜೈಲಿನ ಸಾಹೇಬಾ ಕಾಗದಾ ತಂದನಂತ. ತಪ್ಪಾತು, ಇನ್ನ ಇಂಥಾ ಜನದ ಸಂಗಾಟ ಸೇರೂದಿಲ್ಲ ಅಂತ ಬರದಿತ್ತು. ಹೆಬ್ಬಟ್ಟ ಒತ್ತಿದ್ರ ಮನಿಗೆ ಬಿಡತಿದ್ರು. ಬಾಜೂ ಇದ್ದಾವ್ರು ಒತ್ತಿ ಹ್ವಾದ್ರು. ಮನ್ಯಾಗ ನಮ್ಮಣ್ಣ ತೊಟ್ಟಿಲದಾಗ ಇದ್ದಾ. ಆದ್ರೂ ಇಂವಾ, ತಂಬಾಕ ಮಾರಾಕ ಬಂದಾಂವ್ರಿ ನಾ, ಏನ ತಪ್ಪ ಮಾಡೇನಂತ ಒತ್ತಲಿ ಅಂದಾ. ಎಂಟ ತಿಂಗಳ ಒಳಗ ಕುಂತಾ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅರ್ಧ ಕತೆ ಕೇಳಿ ಊರೆಲ್ಲ ನಗಿಸಿದ್ದೆ. ಎದ್ದು ಬಿಳಿ ಸೀರೆ ತಂದು ಅವರ ಮುಂದೆ ಹಿಡಿದೆ. ಅತ್ತೆ ನನ್ನ ಮುಖ ನೋಡಿದರು, ಸೀರೆ ತೆಗೆದುಕೊಂಡರು.

ಸಾಲೆಗೆ ಹೋಗುವ ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳು ನಿಂತಿದ್ದವು. ಅತ್ತೆ ನನ್ನ ಹೆಗಲು ಹಿಡಿದು ನಡೆಯುತ್ತಿದ್ದರು. ಅರ್ಧ ದಾರಿಯಲ್ಲಿ ಅದೇ ಹಾಡು ಶುರುವಾಯಿತು. ಬೇಗ ಬೇಗ ದಾಟಿಸೋಣವೆಂದು ನಾನು ಕೈ ಎಳೆದೆ. ಅತ್ತೆ ಕದಲಲಿಲ್ಲ. ಕೊನೆಯ ನಗುವಿನವರೆಗೆ ಕೇಳಿ, ಆ ನಗು ಮುಗಿದೊಡನೆ ದನಿ ಎತ್ತಿದರು. ಎಷ್ಟೋ ದಿನಗಳಿಂದ ಕೇಳದ ದನಿ.

ಬರಿಯಾಕ ಬರತಿದ್ದಿಲ್ಲ ನಮ್ಮಪ್ಪಗ, ಖರೇ ಐತವ್ವಾ
ಹೆಬ್ಬಟ್ಟ ಇತ್ತ ಕೈಯಾಗ, ಒತ್ತಲಿಲ್ಲವ್ವಾ

ಡ್ರೈವರ್ ಸ್ಪೀಕರು ಬಂದ್ ಮಾಡಿ ಕೆಳಗಿಳಿದ. ಹಿಂದಿನ ಟ್ರ್ಯಾಕ್ಟರಿನವರೂ ಇಳಿದು ಬಂದರು. ಹಿಂದೆ ದನಿಗೂಡಿಸಬೇಕಾದವಳು ನಾನು. ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದೆ.

ಅತ್ತೆ ನನ್ನ ಹೆಗಲು ಅಲುಗಿಸಿದರು. "ಯಾಕ ಸುಮ್ನಾದಿ? ಅವತ್ತ ಇಷ್ಟ ಗಟ್ಟಿ ಹಾಡಿದಿ. ಇದನ್ನೂ ಹಾಡ."